ಅಂಗಾತ ಮಲಗಿದ ಒಂದೇ ಎಲೆ

1932ರ ಚಳಿಗಾಲ. ಅಮೆರಿಕದ ಕ್ಯಾನ್ಸಸ್ ರಾಜ್ಯದ ವಿಚಿಟಾ ಊರಿನ ಜೈಲಿಗೆ ಇಬ್ಬರು ಹೋದರು. ಒಳಗಿದ್ದವರಾರೂ ಅವರ ನೆಂಟರಲ್ಲ, ಯಾರಿಗೂ ಜಾಮೀನು ಕೊಡುವ ಯೋಚನೆಯೂ ಇರಲಿಲ್ಲ. ಕೊಲೆಯ ಆರೋಪ ಹೊತ್ತು ಕೂತಿದ್ದ ಮೆಕ್ಸಿಕೋದ ಜೂಜುಗಾರನೊಬ್ಬನ ಕೈಚಳಕದ ಸುದ್ದಿ ಅವರ ಕಿವಿಗೆ ಬಿದ್ದಿತ್ತು. ಅದನ್ನು ಕಣ್ಣಾರೆ ನೋಡಬೇಕೆಂದು ಹೋದವರು ಡೈ ವರ್ನನ್ ಮತ್ತು ಅವರ ಗೆಳೆಯ ಫಾಸೆಟ್ ರಾಸ್. ಇಬ್ಬರೂ ಜಾದೂಗಾರರು. ದೇಶವೇ ಆರ್ಥಿಕ ಕುಸಿತದಲ್ಲಿ ಮುಳುಗಿದ್ದ ಕಾಲ. ಜಾದೂ ನೋಡಲು ಕಾಸು ಬಿಚ್ಚುವವರು ಕಡಿಮೆ. ವರ್ನನ್ ಊರಿನ ದೊಡ್ಡ ಮಳಿಗೆಯೊಂದರಲ್ಲಿ ಕೂತು, ಗಿರಾಕಿಗಳ ಮುಖವನ್ನು ಪಕ್ಕದಿಂದ ನೋಡಿ, ಕಪ್ಪು ಕಾಗದದಲ್ಲಿ ಅವರ ನೆರಳುಚಿತ್ರ ಕತ್ತರಿಸಿ ಕೊಟ್ಟು ಸಂಸಾರ ಸಾಗಿಸುತ್ತಿದ್ದರು. ಕತ್ತರಿ ಹಿಡಿದ ಕೈಗೆ ಬಿಡುವು ಸಿಕ್ಕೊಡನೆ ಅದು ಇಸ್ಪೀಟಿನ ಕಟ್ಟಿಗೆ ತಡಕಾಡುತ್ತಿತ್ತು.

ಕೈದಿ ತನಗೆ ಬರುತ್ತಿದ್ದದ್ದನ್ನು ತೋರಿಸಿದ. ಮಾತು ಬೆಳೆಯಿತು. ಈವರೆಗೆ ಎಲ್ಲೂ ಕಾಣದ ಪಟ್ಟು ಏನಾದರೂ ಕಣ್ಣಿಗೆ ಬಿದ್ದದ್ದುಂಟೇ ಎಂದು ವರ್ನನ್ ವಿಚಾರಿಸಿದರು. ಜೂಜುಗಾರರನ್ನು ಕಂಡಲ್ಲೆಲ್ಲ ಅವರು ಕೇಳುತ್ತಿದ್ದ ಪ್ರಶ್ನೆ ಅದು. ಉತ್ತರವಾಗಿ ಕೈದಿ ಹೇಳಿದ ಒಂದು ಸಂಗತಿ ವರ್ನನ್ ಅವರ ನಿದ್ದೆ ಕೆಡಿಸಿತು. ಕ್ಯಾನ್ಸಸ್ ಸಿಟಿಯ ಕಡೆ ಅವನು ಒಬ್ಬ ಆಟಗಾರನನ್ನು ನೋಡಿದ್ದನಂತೆ. ಆ ಮನುಷ್ಯ ಎಲೆ ಹಂಚುವಾಗ ಕಟ್ಟಿನ ಮೇಲಿನಿಂದಲ್ಲ, ಕೆಳಗಿನಿಂದಲೂ ಅಲ್ಲ, ನಟ್ಟನಡುವಿನಿಂದ ಎಳೆದು ಹಂಚುತ್ತಿದ್ದನಂತೆ.

ಇಸ್ಪೀಟು ಆಡಿ ಬಲ್ಲವರಿಗೆ ಆ ಮಾತಿನ ತೂಕ ಗೊತ್ತಾಗುತ್ತದೆ. ಮೋಸದ ಆಟಗಾರ ತನಗೆ ಬೇಕಾದ ಎಲೆಗಳನ್ನು ಕಟ್ಟಿನ ಅಡಿಯಲ್ಲಿ ಕೂಡಿಸಿಟ್ಟುಕೊಳ್ಳುತ್ತಾನೆ. ಹಂಚುವಾಗ ತನ್ನ ಸರದಿ ಬಂದಾಗಲೆಲ್ಲ ಅಡಿಯಿಂದ ಒಂದನ್ನು ಜಾರಿಸಿಕೊಳ್ಳುತ್ತಾನೆ. ಅವನಿಗೆ ಇರುವ ಒಂದೇ ಕಂಟಕ ಎದುರಾಳಿ. ಕಲಸಿಯಾದ ಮೇಲೆ ಎದುರು ಕೂತವನು ಕಟ್ ಮಾಡಿದರೆ, ಅಂದರೆ ಮೇಲಿನ ಪಾಲನ್ನು ಎತ್ತಿ ಅಡಿಗಿಟ್ಟರೆ, ಅಡಿಯಲ್ಲಿದ್ದ ಎಕ್ಕಗಳು ಹೋಗಿ ನಡುವಿನಲ್ಲಿ ಹೂತುಹೋಗುತ್ತವೆ. ಎಷ್ಟೋ ಕಾಲದಿಂದ ಪ್ರಾಮಾಣಿಕ ಆಟಗಾರರನ್ನು ಕಾಪಾಡಿಕೊಂಡು ಬಂದದ್ದು ಆ ಸಣ್ಣ ಪದ್ಧತಿಯೇ. ನಡುವಿನಿಂದಲೇ ಹಂಚಬಲ್ಲವನು ಒಬ್ಬ ಇದ್ದಾನೆಂದರೆ ಕಟ್ ಮಾಡುವುದಕ್ಕೆ ಅರ್ಥವೇ ಉಳಿಯುವುದಿಲ್ಲ. ಅಂಥದ್ದೊಂದು ಸಾಧ್ಯವೆಂದು ವರ್ನನ್ ಅದುವರೆಗೆ ನಂಬಿರಲಿಲ್ಲ.

ಇಸ್ಪೀಟಿನ ವಿಷಯದಲ್ಲಿ ವರ್ನನ್ ನಂಬದೆ ಇದ್ದದ್ದನ್ನು ಬೇರೆ ಯಾರೂ ಸುಲಭಕ್ಕೆ ನಂಬುತ್ತಿರಲಿಲ್ಲ. ಅವರು ಹುಟ್ಟಿದ್ದು 1894ರಲ್ಲಿ, ಕೆನಡಾದ ಒಟ್ಟಾವಾದಲ್ಲಿ. ಇಟ್ಟ ಹೆಸರು ಡೇವಿಡ್ ವರ್ನರ್. ಅದು ಡೈ ವರ್ನನ್ ಆದದ್ದು ಪತ್ರಿಕೆಯವರ ಮತ್ತು ಜನರ ಬಾಯಿತಪ್ಪಿನಿಂದ. ತಿದ್ದಿ ತಿದ್ದಿ ಸಾಕಾಗಿ ಅದನ್ನೇ ಉಳಿಸಿಕೊಂಡರು. ತಂದೆ ಸರ್ಕಾರಿ ನೌಕರ, ಹವ್ಯಾಸಕ್ಕೆ ಜಾದೂ ಮಾಡುವವರು. ಏಳನೆಯ ವರ್ಷದಲ್ಲಿ ಹುಡುಗನಿಗೆ ಮೊದಲ ಜಾದೂ ಕೈಹತ್ತಿತು. ಬದುಕಿನ ಮೊದಲ ಆರು ವರ್ಷ ಸುಮ್ಮನೆ ಹಾಳಾಯಿತು ಎಂದು ಮುದುಕರಾದ ಮೇಲೂ ಅವರು ಹೇಳಿಕೊಳ್ಳುತ್ತಿದ್ದರು.

1902ರಲ್ಲಿ ಶಿಕಾಗೋದಲ್ಲಿ ಒಂದು ಪುಸ್ತಕ ಅಚ್ಚಾಗಿತ್ತು. ಬರೆದವನ ಹೆಸರು ಎಸ್. ಡಬ್ಲ್ಯೂ. ಅರ್ಡ್‌ನೇಸ್ ಎಂದಿತ್ತು. ಅದು ಗುಪ್ತನಾಮ; ಆ ಮನುಷ್ಯ ಯಾರೆಂಬುದು ಇಂದಿಗೂ ಇತ್ಯರ್ಥವಾಗಿಲ್ಲ. ಜೂಜಿನ ಮೇಜಿನ ಮೇಲೆ ನಡೆಯುವ ಪ್ರತಿಯೊಂದು ಕೈಚಳಕವನ್ನೂ, ಯಾವ ಬೆರಳು ಎಲ್ಲಿರಬೇಕು ಎನ್ನುವಷ್ಟು ನಿಖರವಾಗಿ ಅದರಲ್ಲಿ ಬಿಡಿಸಿಟ್ಟಿದ್ದರು. ಅದು ಒಟ್ಟಾವಾದ ಹುಡುಗನ ಕೈಗೆ ಸಿಕ್ಕಿತು. ಅವನು ಅದನ್ನು ಓದಲಿಲ್ಲ, ಉರು ಹೊಡೆದ. ಹರೆಯದಲ್ಲಿ ನ್ಯೂಯಾರ್ಕಿಗೆ ಹೋದಾಗ ಅಲ್ಲಿನ ಹೆಸರಾಂತ ಜಾದೂಗಾರರಿಗೆ ಆ ಪುಸ್ತಕದ ಅರ್ಧ ಪಟ್ಟುಗಳೂ ಗೊತ್ತಿರಲಿಲ್ಲ. ಕೆನಡಾದಿಂದ ಬಂದ ಹುಡುಗ ತೋರಿಸಿದ್ದನ್ನು ಅವರೇ ಬಿಟ್ಟ ಕಣ್ಣು ಬಿಟ್ಟಂತೆ ನೋಡಿದರು.

ಆಮೇಲೆ ಬಂತು ಹೂಡಿನಿಯ ಪ್ರಸಂಗ. 1922ರ ಫೆಬ್ರುವರಿ 6ರಂದು ಶಿಕಾಗೋದ ಗ್ರೇಟ್ ನಾರ್ದರ್ನ್ ಹೋಟೆಲಿನಲ್ಲಿ ಹ್ಯಾರಿ ಹೂಡಿನಿಯವರ ಗೌರವಾರ್ಥ ಜಾದೂಗಾರರ ಔತಣಕೂಟ ಏರ್ಪಾಡಾಗಿತ್ತು. ಕೋಳ, ಸರಪಳಿ, ನೀರಿನ ತೊಟ್ಟಿಗಳಿಂದ ಬಿಡಿಸಿಕೊಂಡು ಜಗತ್ಪ್ರಸಿದ್ಧರಾಗುವ ಮುಂಚೆ ಹೂಡಿನಿ ತಮ್ಮನ್ನು ಇಸ್ಪೀಟಿನ ರಾಜನೆಂದು ಕರೆದುಕೊಂಡವರು. ಯಾವುದೇ ಜಾದೂವನ್ನು ಒಂದರ ಹಿಂದೊಂದು ಮೂರು ಸಲ ತೋರಿಸಿದರೆ ಅದರ ಗುಟ್ಟು ಹೇಳಿಬಿಡುತ್ತೇನೆ ಎಂಬುದು ಅವರ ಸವಾಲು. ವರ್ನನ್‌ಗೆ ಆಗ 27 ವರ್ಷ.

ಒಂದು ಎಲೆ ಆರಿಸುವಂತೆ ವರ್ನನ್ ಹೂಡಿನಿಗೆ ಹೇಳಿದರು. ಅದರ ಮುಖದ ಮೇಲೆ ಶಾಯಿಯಲ್ಲಿ ಎರಡು ಅಕ್ಷರದ ಸಹಿ ಹಾಕಿಸಿದರು. ಇನ್ನೊಂದು ಎಲೆಯ ಅಡಿಗೆ ಅದನ್ನು ಕಟ್ಟಿನೊಳಗೆ ನಿಧಾನವಾಗಿ ಸರಿಸಿದರು. ಮೇಲಿನ ಎಲೆ ತಿರುವಿದರೆ, ಹೂಡಿನಿಯ ಸಹಿ. ಇನ್ನೊಮ್ಮೆ ಅಡಿಗೆ ಸರಿಸಿದರು, ಅದು ಇನ್ನೊಮ್ಮೆ ಮೇಲೆ ಬಂತು. ಮೂರು ಸಲ ಮುಗಿಯಿತು. ಎರಡು ಎಲೆ ಇಟ್ಟುಕೊಂಡಿದ್ದೀರಿ ಎಂದರು ಹೂಡಿನಿ. ಸಹಿ ಹಾಕಿದ್ದು ಒಂದೇ ಎಲೆಗೆ ಎಂದು ಅವರಿಗೇ ಗೊತ್ತಿತ್ತು. ಮತ್ತೆ ಮಾಡಿಸಿದರು, ಮತ್ತೆ, ಮತ್ತೆ. ಏಳು ಸಲವಾಯಿತು ಎನ್ನುತ್ತಾರೆ. ಸೋತೆ ಎಂಬ ಮಾತು ಹೂಡಿನಿಯ ಬಾಯಿಂದ ಬರಲಿಲ್ಲ. ಆದರೆ ಸುತ್ತ ನಿಂತಿದ್ದವರಿಗೆ ನಡೆದದ್ದೇನೆಂದು ತಿಳಿದುಹೋಗಿತ್ತು. ಆಮೇಲೆ ವರ್ನನ್ ಅವರ ಜಾಹೀರಾತುಗಳಲ್ಲಿ ಹೂಡಿನಿಯನ್ನು ಬೇಸ್ತು ಬೀಳಿಸಿದ ಮನುಷ್ಯ ಎಂಬ ಸಾಲು ಸೇರಿಕೊಂಡಿತು.

ಆ ರಾತ್ರಿಯನ್ನು ಗೆಲುವೆಂದೇ ಎಲ್ಲರೂ ನೆನೆಯುತ್ತಾರೆ. ಗೆಲುವು ಹೌದು. ಆದರೂ ಜಾದೂವಿನ ಕಟ್ಟೋಣವನ್ನಷ್ಟೇ ನೋಡಿದರೆ ಅಲ್ಲಿ ಒಂದು ಕೊರತೆ ಕಾಣುತ್ತದೆ. ಎಲೆ ಮೇಲೆ ಬಂತು, ಮತ್ತೆ ಮೇಲೆ ಬಂತು, ಏಳನೆಯ ಸಲವೂ ಮೇಲೆ ಬಂತು. ಎಂಟನೆಯ ಸಲ ಮಾಡಿದ್ದರೂ ಅಷ್ಟೇ. ಎದುರಿನವರು ಎದ್ದುಹೋದದ್ದರಿಂದ ಆಟ ನಿಂತಿತು. ಕತೆ ತಾನಾಗಿ ತನ್ನ ಕೊನೆಯನ್ನು ಮುಟ್ಟಿರಲಿಲ್ಲ.

ವಿಚಿಟಾದ ಜೈಲಿನಿಂದ ಹೊರಬಿದ್ದ ವರ್ನನ್ ಅವರಿಗೆ ಆಗ ಅದರ ಚಿಂತೆಯಿರಲಿಲ್ಲ. ತಲೆತುಂಬ ಒಂದೇ ಹುಳ. ಹತ್ತು ವರ್ಷದ ಹಿಂದೆ ಹೂಡಿನಿಯ ಮುಂದೆ ತಾವು ಕಟ್ಟಿನೊಳಗಿನ ಎಲೆ ಮೇಲೆ ಬಂದಂತೆ ತೋರಿಸಿದ್ದರು, ಅಷ್ಟೇ. ಅದು ನಿಜಕ್ಕೂ ಒಳಗೆ ಹೋಗಿಯೇ ಇರಲಿಲ್ಲ. ಇಲ್ಲಿ ಯಾವನೋ ಒಬ್ಬ ನಿಜವಾಗಿಯೇ ನಡುವಿನ ಎಲೆಯನ್ನು ಹೊರಗೆ ತರುತ್ತಿದ್ದಾನೆ!

ಹೊಟ್ಟೆಪಾಡಿನ ಕತ್ತರಿ ಕೆಲಸ ಬದಿಗಿಟ್ಟು ಹುಡುಕಾಟ ಶುರುವಾಯಿತು. ಕ್ಯಾನ್ಸಸ್ ಸಿಟಿ ಆಗ ಟಾಮ್ ಪೆಂಡರ್‌ಗಾಸ್ಟ್ ಎಂಬ ರಾಜಕೀಯ ಧಣಿಯ ಹಿಡಿತದಲ್ಲಿದ್ದ ಊರು. ದೇಶದಲ್ಲಿ ಪಾನನಿಷೇಧವಿದ್ದರೂ ಅಲ್ಲಿ ಮದ್ಯ ಹರಿಯುತ್ತಿತ್ತು, ಜೂಜಿನ ಮನೆಗಳು ಹಗಲಿರುಳು ತೆರೆದಿರುತ್ತಿದ್ದವು. ಚಾರ್ಲಿ ಮಿಲ್ಲರ್ ಎಂಬ ಎಳೆಯ ಜಾದೂಗಾರನೂ ಈ ಹುಚ್ಚಿನಲ್ಲಿ ಜೊತೆಯಾದ. ಜೂಜುಗಾರರ ಲೋಕದಲ್ಲಿ ಹೊರಗಿನವರು ಪ್ರಶ್ನೆ ಕೇಳುವುದು ಅಪಾಯದ ಕೆಲಸ. ನಡುವಿನಿಂದ ಎಲೆ ಹಂಚುವವನು ಯಾರು ಎಂದು ಕೇಳುವುದೆಂದರೆ ಇಲ್ಲಿ ಕಳ್ಳ ಯಾರು ಎಂದು ಕೇಳಿದಂತೆಯೇ. ಕೆಲವರು ನಕ್ಕರು, ಕೆಲವರು ಮಾತು ತಿರುಗಿಸಿದರು. ಅಂಥದ್ದೆಲ್ಲ ಆಗದ ಹೋಗದ ಮಾತು ಎಂದವರೂ ಇದ್ದರು. ಹಾಗೆ ಹೇಳಿದವರಲ್ಲಿ ನಿಜಕ್ಕೂ ಗೊತ್ತಿಲ್ಲದವರು ಯಾರು, ಗೊತ್ತಿದ್ದೂ ಬಾಯಿ ಹೊಲಿದುಕೊಂಡವರು ಯಾರು ಎಂದು ತಿಳಿಯುವಂತಿರಲಿಲ್ಲ.

ಕೊನೆಗೂ ಒಂದು ಊರಿನ ಹೆಸರು ಸಿಕ್ಕಿತು: ಪ್ಲೆಸೆಂಟ್ ಹಿಲ್. ಕ್ಯಾನ್ಸಸ್ ಸಿಟಿಯ ಆಗ್ನೇಯಕ್ಕೆ, ಮಿಸೌರಿ ರಾಜ್ಯದಲ್ಲಿದ್ದ ಪುಟ್ಟ ಊರು. ಮನುಷ್ಯನ ಹೆಸರೂ ಸಿಕ್ಕಿತು: ಅಲೆನ್ ಕೆನೆಡಿ. ವರ್ನನ್ ಅಲ್ಲಿಗೆ ಹೋದರು. ಸಣ್ಣ ಊರಿನಲ್ಲಿ ಎಲ್ಲರಿಗೂ ಎಲ್ಲರ ಮನೆ ಗೊತ್ತಿರುತ್ತದೆ. ಆದರೆ ಹೊರಗಿನಿಂದ ಬಂದ ಅಪರಿಚಿತನಿಗೆ ಜೂಜುಗಾರನ ಮನೆ ತೋರಿಸಲು ದೊಡ್ಡವರಾರೂ ಮುಂದೆ ಬರಲಿಲ್ಲ. ಅಲ್ಲಿಯವರೆಗೆ ಬಂದು ಬರಿಗೈಯಲ್ಲಿ ಹಿಂತಿರುಗಬೇಕೇ ಎನ್ನುವಾಗ ಐಸ್‌ಕ್ರೀಮ್ ನೆಕ್ಕುತ್ತಾ ನಿಂತಿದ್ದ ಪುಟ್ಟ ಹುಡುಗಿಯೊಬ್ಬಳು ಕಣ್ಣಿಗೆ ಬಿದ್ದಳು. ಅವಳನ್ನು ಕೇಳಿದರು. ಅವಳು ಬೆರಳು ಮಾಡಿ ಮನೆ ತೋರಿಸಿದಳು. ವರ್ನನ್ ಮುಂದೆ ಅರವತ್ತು ವರ್ಷ ಈ ಕತೆ ಹೇಳುತ್ತಾ ಬಂದರು, ಆ ಹುಡುಗಿಯನ್ನು ಒಮ್ಮೆಯೂ ಬಿಡಲಿಲ್ಲ.

ಬಾಗಿಲು ತೆರೆದ ಮನುಷ್ಯ ನೋಡಲು ತೀರಾ ಸಾಮಾನ್ಯ. ವರ್ನನ್ ತಾವು ಬಂದ ಕಾರಣ ಹೇಳಿದರು. ಬರೀ ಮಾತಿಗೆ ಆ ಬಾಗಿಲು ಪೂರ್ತಿ ತೆರೆಯುವುದಿಲ್ಲವೆಂದು ಗೊತ್ತಿದ್ದರಿಂದ ಎಲೆಗಳನ್ನು ಕೈಗೆತ್ತಿಕೊಂಡು ತಮ್ಮ ವಿದ್ಯೆ ತೋರಿಸಿದರು. ಕೆಲಸಗಾರನಿಗೆ ಕೆಲಸಗಾರನ ಗುರುತು ಹತ್ತಿತು. ಆಮೇಲೆ ಕೆನೆಡಿ ಮೇಜಿನ ಮುಂದೆ ಕೂತು ಹಂಚತೊಡಗಿದ. ಬಲಗೈ ಮೇಲಿನ ಎಲೆಯತ್ತ ಬರುತ್ತಿತ್ತು, ಎಲೆ ಹಿಡಿದು ಹೋಗುತ್ತಿತ್ತು. ಎಡಗೈ ಅಲುಗಿದಂತೆ ಕಾಣಲಿಲ್ಲ. ಆದರೂ ಬಂದು ಬಿದ್ದ ಎಲೆ ಮೇಲಿನದಾಗಿರಲಿಲ್ಲ. ಕಟ್ಟನ್ನು ತಬ್ಬಿದ್ದ ಎಡಗೈಯ ಬೆರಳುಗಳು ಒಳಗಿಂದೊಳಗೇ ನಡುವಿನ ಎಲೆಯನ್ನು ಹೊರಕ್ಕೆ ನೂಕುತ್ತಿದ್ದವು. ಬಲಗೈ ಬಂದು ಮುಟ್ಟುವುದಕ್ಕೂ ಅದು ತುದಿ ಚಾಚುವುದಕ್ಕೂ ಸರಿಹೋಗುತ್ತಿತ್ತು. ಇದಕ್ಕಾಗಿ ಕೆನೆಡಿ ವರ್ಷಗಟ್ಟಲೆ ಕನ್ನಡಿಯ ಮುಂದೆ ಕೂತು ಬೆರಳು ಸವೆಸಿದ್ದ. ಆ ಊರಿನಲ್ಲಿ ಅದರ ಬೆಲೆ ಬಲ್ಲವರು ಯಾರೂ ಇರಲಿಲ್ಲ. ಬಲ್ಲವರೊಬ್ಬರು ಎಲ್ಲಿಂದಲೋ ಬಂದು ಎದುರು ಕೂತಿದ್ದರು.

ಕೆನೆಡಿ ಕಲಿಸಿದ, ವರ್ನನ್ ಕಲಿತರು. ಅವರ ಬಾಳಿನ ಅತಿದೊಡ್ಡ ಬೇಟೆ ಮುಗಿಯಿತು.

ಆದರೆ ಕೈಗೆ ಸಿಕ್ಕ ನಿಧಿಯದೇ ಒಂದು ವಿಚಿತ್ರ. ಜೂಜುಗಾರನ ಪಟ್ಟು ಪರಿಪೂರ್ಣವಾದಷ್ಟೂ ನೋಡುವವರಿಗೆ ಏನೂ ಕಾಣಿಸದು. ಕೆನೆಡಿಯ ಹಂಚಿಕೆಯ ಹಿರಿಮೆಯೇ ಅದು: ಅಲ್ಲಿ ಏನೂ ನಡೆದಂತಿರುವುದಿಲ್ಲ. ಮೇಜಿನ ಸುತ್ತ ಕೂತವರು ಉಸಿರು ಬಿಗಿಹಿಡಿಯುವುದಿಲ್ಲ, ಚಪ್ಪಾಳೆ ತಟ್ಟುವುದಿಲ್ಲ. ಎಲೆ ಹಂಚಿದ ಎಂದುಕೊಳ್ಳುತ್ತಾರೆ, ಅಷ್ಟೇ. ಜಾದೂಗಾರನ ಪಾಡು ಅದರ ತಿರುವುಮುರುವು. ಅವನೂ ಕೈಯ ಕೆಲಸವನ್ನು ಬಚ್ಚಿಡಬೇಕು. ಜೊತೆಗೆ, ಆಗಬಾರದ್ದೊಂದು ಆಯಿತು ಎಂದು ಮೂಲೆಯಲ್ಲಿ ಕೂತ ಮಗುವಿಗೂ ತಿಳಿಯುವಂಥ ಒಂದು ಕೊನೆಯನ್ನು ಕೊಡಬೇಕು. ಜೂಜಿನ ಮೇಜಿನ ಕಾಣದ ವಿದ್ಯೆಗೆ ಕಣ್ಣು ತುಂಬುವ ಕೊನೆಯೊಂದನ್ನು ಜೋಡಿಸುವುದು ಹೇಗೆ? ಹೂಡಿನಿಯ ರಾತ್ರಿ ಬಾಕಿ ಉಳಿಸಿದ್ದ ಪ್ರಶ್ನೆಯೂ ಹೆಚ್ಚುಕಡಿಮೆ ಇದೇ.

ಉತ್ತರ ಬರುವ ಮೊದಲು ಕೈಗಳೇ ಹೋಗುವುದರಲ್ಲಿದ್ದವು. 1940ರ ದಶಕದ ಆರಂಭದಲ್ಲಿ ಸಂಸಾರದ ಒತ್ತಡಕ್ಕೆ ಕಟ್ಟುಬಿದ್ದು ವರ್ನನ್ ಬದುಕಿನಲ್ಲಿ ಅಪರೂಪಕ್ಕೊಮ್ಮೆ ಮಾಮೂಲಿ ನೌಕರಿಯೊಂದಕ್ಕೆ ಸೇರಿದರು. ನ್ಯೂಯಾರ್ಕಿನ ಈಸ್ಟ್ ನದಿಯ ದಂಡೆಗುಂಟ ಹೊಸ ಹೆದ್ದಾರಿ ಏಳುತ್ತಿತ್ತು, ಅಲ್ಲಿ ಕೆಲಸ. ಸೇರಿ ಹೆಚ್ಚು ದಿನವಾಗಿರಲಿಲ್ಲ. ಎತ್ತರದಿಂದ ಕಾಲು ಜಾರಿ ನದಿಗೆ ಬಿದ್ದರು. ಜೀವ ಉಳಿಯಿತು, ಎರಡೂ ತೋಳು ಮುರಿದವು. ಬಲದ ತೋಳು ಎಷ್ಟು ಜಜ್ಜಿಹೋಗಿತ್ತೆಂದರೆ ಅದನ್ನು ಕತ್ತರಿಸಿ ತೆಗೆಯುವ ಮಾತು ಆಸ್ಪತ್ರೆಯಲ್ಲಿ ಬಂತು. ವರ್ನನ್ ಬೇಡಿಕೊಂಡರು. ತೋಳು ಉಳಿಯಿತು.

ನಾಲ್ಕು ದಶಕ ಇಸ್ಪೀಟೆಲೆಗಳ ಜೊತೆ ಬಾಳಿದ ಮನುಷ್ಯ, ಎರಡೂ ತೋಳಿಗೆ ಗಾರೆಕಟ್ಟು ಹಾಕಿಸಿಕೊಂಡು ಮಲಗಿ ಏನು ಯೋಚಿಸಿರಬಹುದು? ಅದನ್ನವರು ಬರೆದಿಡಲಿಲ್ಲ. ಕಟ್ಟು ಬಿಚ್ಚಿದ ಮೇಲೆ ಬೆರಳುಗಳನ್ನು ಮತ್ತೆ ಮೊದಲಿನಿಂದ ಪಳಗಿಸಬೇಕಾಯಿತು ಎಂಬುದನ್ನು ಮಾತ್ರ ಯಾರಾದರೂ ಊಹಿಸಬಹುದು. ಅವರು ಮತ್ತೆ ಮೇಜಿಗೆ ಬಂದರು. ವಿಶೇಷವೆಂದರೆ, ಅವರ ಹೆಸರನ್ನು ಇವತ್ತಿಗೂ ಜಾದೂಗಾರರ ನಾಲಿಗೆಯ ಮೇಲೆ ಉಳಿಸಿದ ಕೆಲಸಗಳಲ್ಲಿ ಬಹುಪಾಲು ಜಗತ್ತು ನೋಡಿದ್ದು ಆ ಬೀಳುವಿಕೆಯ ನಂತರ.

ಅಷ್ಟರಲ್ಲಿ ಟೊರಾಂಟೋದ ಸಿಡ್ ಲೊರೇನ್ ಎಂಬ ಜಾದೂಗಾರ ಒಂದು ತಮಾಷೆಯ ಪಟ್ಟನ್ನು ಬಳಕೆಗೆ ತಂದಿದ್ದರು. 1937ರಲ್ಲಿ ಪ್ರಕಟವಾದ ಆ ಆಟದಲ್ಲಿ ಜಾದೂಗಾರ ಕುಡುಕನಂತೆ ನಟಿಸುತ್ತಾ, ಒಂದಿಷ್ಟು ಎಲೆ ಅಂಗಾತ, ಇನ್ನೊಂದಿಷ್ಟು ಬೋರಲು ಎಂದು ಒಂದು ಕೈಯಿಂದ ಇನ್ನೊಂದು ಕೈಗೆ ಅಡ್ಡಾದಿಡ್ಡಿ ತಳ್ಳಿಕೊಂಡು ಹೋಗುತ್ತಾನೆ. ಕೊನೆಯಲ್ಲಿ ಎಲ್ಲವೂ ಒಂದೇ ಮಗ್ಗುಲಿಗೆ ತಿರುಗಿರುತ್ತವೆ. ಜನ ನಗುತ್ತಿದ್ದರು. ಇವತ್ತಿಗೂ ಅದು ಒಳ್ಳೆಯ ಪಟ್ಟೇ. ಆದರೆ ಹೀಗೆ ತಳ್ಳಿದ ಎಲೆಗಳು ನಿಜವಾಗಿ ಎಷ್ಟು ಕಲಸಿದವು ಎಂದು ಚುರುಕು ಕಣ್ಣಿನವರು ಅನುಮಾನಿಸಲು ಅಲ್ಲಿ ಜಾಗವಿತ್ತು. ಮೇಜಿನ ಮೇಲೆ ಎರಡು ಪಾಲು ಇಟ್ಟು, ಹೆಬ್ಬೆರಳುಗಳಿಂದ ಮೂಲೆ ಎತ್ತಿ ಪಟಪಟನೆ ಒಂದರೊಳಗೊಂದು ಹೆಣೆಯುವ ಕಲಸಾಟದ ಮುಂದೆ ಅದು ಆಟದ ಸಾಮಾನಿನಂತೆ ಕಾಣುತ್ತಿತ್ತು. ಆ ಪಟಪಟ ಸದ್ದು ಕೇಳಿದವರು ಎಲೆ ಕಲಸಿತು ಎಂಬುದಕ್ಕೆ ಬೇರೆ ಸಾಕ್ಷಿ ಕೇಳುವುದಿಲ್ಲ.

ಆ ಸದ್ದನ್ನು ಜೂಜುಗಾರರು ಎಷ್ಟೋ ವರ್ಷಗಳಿಂದ ಬಳಸಿಕೊಂಡು ಬಂದಿದ್ದರು. ಎರಡು ಪಾಲನ್ನು ನಿಜವಾಗಿಯೇ ಹೆಣೆದು, ಎಲ್ಲರ ಕಣ್ಣೆದುರೇ ಒಟ್ಟು ಸೇರಿಸುವಂತೆ ಮಾಡಿ, ಅಂಗೈಗಳ ಮರೆಯಲ್ಲಿ ಮತ್ತೆ ಬಿಡಿಸಿಬಿಡುವ ಪಟ್ಟುಗಳು ಅವರ ಲೋಕದಲ್ಲಿದ್ದವು. ಅವರಿಗೆ ಅದರಿಂದ ಆಗುತ್ತಿದ್ದ ಲಾಭ, ಜೋಡಿಸಿಟ್ಟ ಎಲೆಗಳ ಕ್ರಮ ಕೆಡದೆ ಉಳಿಯುವುದು. ಉಳಿದದ್ದು ಯಾರ ಕಣ್ಣಿಗೂ ಕಾಣುತ್ತಿರಲಿಲ್ಲ, ಕಾಣಲೂ ಕೂಡದು. ವರ್ನನ್ ಕಂಡುಕೊಂಡದ್ದು ಇಲ್ಲಿದೆ. ಒಂದು ಪಾಲು ಬೋರಲು, ಇನ್ನೊಂದು ಪಾಲು ಅಂಗಾತ ಇಟ್ಟು ಅದೇ ಕಳ್ಳ ಕಲಸಾಟ ಮಾಡಿದರೆ? ಕೆಟ್ಟದ್ದು ಎಲ್ಲರಿಗೂ ಕಾಣುತ್ತದೆ. ಕೆಟ್ಟಿಲ್ಲ ಎಂಬುದು ಕೊನೆಯಲ್ಲಿ ಎಲ್ಲರಿಗೂ ಕಾಣುತ್ತದೆ. ಯಾರಿಗೂ ಕಾಣಬಾರದೆಂದು ಹುಟ್ಟಿದ ಪಟ್ಟು ಮೊದಲ ಸಲ ಕಣ್ಣಿಗೆ ಹಬ್ಬವಾಯಿತು.

ಆದರೆ ಒಂದು ತೊಡಕಿತ್ತು. ಯಾವ ಮನುಷ್ಯನೂ ಎಲೆಗಳನ್ನು ಅರ್ಧ ಅಂಗಾತ ಇಟ್ಟು ಕಲಸುವುದಿಲ್ಲ. ಕಾರಣವಿಲ್ಲದೆ ಹಾಗೆ ಮಾಡಿದರೆ, ಇದರಲ್ಲೇನೋ ಇದೆ ಎಂದು ನೋಡುವವರ ಕಣ್ಣು ಕೈಗಳ ಮೇಲೆ ನೆಡುತ್ತದೆ. ಹಳೆಯ ಕುಡುಕ ಇಲ್ಲಿ ನೆರವಿಗೆ ಬಂದ, ಬೇರೆಯದೇ ಪಾತ್ರದಲ್ಲಿ. ವರ್ನನ್ ತಾವು ಕುಡಿದವರಂತೆ ನಟಿಸಲಿಲ್ಲ. ಒಂದು ಕತೆ ಹೇಳಿದರು. ಒಂದು ರಾತ್ರಿ ಮೇಜಿನ ಸುತ್ತ ಕೂತವರಿಗೆ ಜಾದೂ ತೋರಿಸುತ್ತಿದ್ದಾಗ, ಅಮಲೇರಿದವನೊಬ್ಬ ಕಟ್ಟನ್ನು ಕಸಿದುಕೊಂಡು ಆಟ ಕೆಡಿಸಲೆಂದೇ ಎಲೆಗಳನ್ನು ಅಂಗಾತ ಬೋರಲು ಬೆರೆಸಿಬಿಟ್ಟ ಎಂಬ ಕತೆ. ಅವನು ಮಾಡಿದ್ದು ಹೀಗೆ, ಎಂದು ಮಾಡಿ ತೋರಿಸುವುದೇ ಕಲಸಾಟವಾಯಿತು. ತಪ್ಪೆಲ್ಲ ಕುಡುಕನ ತಲೆಗೆ. ಜಾದೂಗಾರನ ಕೈ ಬರೀ ನಡೆದದ್ದನ್ನು ನೆನಪಿಸುತ್ತಿದೆ. ಕೇಳುವವರು ಕತೆಯೊಳಗೆ ಹೊಕ್ಕಿರುತ್ತಾರೆ, ಬೆರಳುಗಳನ್ನು ಕಾಯುವ ಗೊಡವೆಗೆ ಹೋಗುವುದಿಲ್ಲ. ಇಷ್ಟು ಸಹಜವಾದ ನೆಪ ಇಸ್ಪೀಟಿನ ಜಾದೂವಿನಲ್ಲಿ ಇನ್ನೊಂದು ಸಿಗುವುದು ಕಷ್ಟ. ಕೈಚಳಕದಷ್ಟೇ ದುಡಿಮೆ ಆ ನಾಲ್ಕು ಸಾಲಿನ ಕತೆಯ ಹಿಂದೆಯೂ ಇದೆ.

1946ರಲ್ಲಿ, ನ್ಯೂಯಾರ್ಕಿನ ಜಾರ್ಜ್ ಸ್ಟಾರ್ಕ್ ಹೊರತರುತ್ತಿದ್ದ ಸ್ಟಾರ್ಸ್ ಆಫ್ ಮ್ಯಾಜಿಕ್ ಮಾಲೆಯಲ್ಲಿ ಈ ಆಟ ಅಚ್ಚಾಯಿತು. ಜಾರ್ಜ್ ಕಾರ್ಗರ್ ಎಂಬ ಛಾಯಾಗ್ರಾಹಕ ಒಂದೊಂದು ಹಂತದಲ್ಲೂ ಬೆರಳುಗಳ ಚಿತ್ರ ತೆಗೆದಿದ್ದರು. ಅಲ್ಲಿಯವರೆಗೆ ಕೈಚಳಕದ ಪುಸ್ತಕಗಳಲ್ಲಿ ಗೀಟಿನ ಚಿತ್ರಗಳೇ ಹೆಚ್ಚು. ಆಟದ ಹೆಸರು ಟ್ರಯಂಫ್. ಗೆಲುವು ಎಂದರ್ಥ.

ಮೇಜಿನ ಮೇಲೆ ಅದು ನಡೆಯುತ್ತಿದ್ದದ್ದು ಹೀಗೆ. ಎದುರು ಕೂತವರೊಬ್ಬರು ಒಂದು ಎಲೆ ಆರಿಸುತ್ತಿದ್ದರು. ಆಟೀನು ಏಳು ಎಂದುಕೊಂಡರೂ ಸರಿ. ನೋಡಿ, ನೆನಪಿಟ್ಟು, ಕಟ್ಟಿನೊಳಗೆ ಹಿಂತಿರುಗಿಸುತ್ತಿದ್ದರು. ಕುಡುಕನ ಕತೆ ಶುರುವಾಗುತ್ತಿತ್ತು. ಕಟ್ಟು ಎರಡು ಪಾಲಾಗುತ್ತಿತ್ತು. ಒಂದು ಪಾಲು ಬೋರಲು, ಇನ್ನೊಂದು ಅಂಗಾತ. ಮೂಲೆಗಳು ಎದ್ದು ಪಟಪಟ ಬೀಳುತ್ತಿದ್ದವು. ಕೆಂಪು ಬೆನ್ನು, ಬಿಳಿ ಮುಖ, ಕೆಂಪು ಬೆನ್ನು, ಬಿಳಿ ಮುಖ. ಕೈಗಳು ಎರಡನ್ನೂ ಒತ್ತಿ ಸಮ ಮಾಡುತ್ತಿದ್ದವು. ಕಟ್ಟನ್ನು ಅಲ್ಲಿಲ್ಲಿ ಕತ್ತರಿಸಿ ತೋರಿಸಿದರೆ ಇಲ್ಲೊಂದು ಮುಖ, ಅಲ್ಲೊಂದು ಬೆನ್ನು. ಪಾಪ, ಇನ್ನು ಈ ಕಟ್ಟನ್ನು ಸರಿಮಾಡಲು ಒಂದೊಂದೇ ಎಲೆ ಬಿಡಿಸಿ ಕೂರಬೇಕು ಎಂದು ನೋಡುವವರಿಗೆ ಅನ್ನಿಸುತ್ತಿತ್ತು. ಆ ಕ್ಷಣಕ್ಕೆ ವರ್ನನ್ ಕಟ್ಟನ್ನು ಮೇಜಿನ ಮೇಲೆ ಬಲಕ್ಕೆ ಉದ್ದಕ್ಕೂ ಹರಡುತ್ತಿದ್ದರು.

ಬೆನ್ನು, ಬೆನ್ನು, ಬೆನ್ನು. ಮೊದಲಿಂದ ಕಡೆಯವರೆಗೆ ಬೋರಲು ಎಲೆಗಳ ಒಂದೇ ಸಾಲು. ಅದರ ಮಧ್ಯೆ ಒಂದೇ ಒಂದು ಬಿಳಿ ಮುಖ: ಆಟೀನು ಏಳು.

ಹೂಡಿನಿ ನೋಡಿದ ಆಟವನ್ನು ಏಳು ಸಲ ಮಾಡಬಹುದಿತ್ತು. ಇದನ್ನು ಎರಡನೆಯ ಸಲ ಮಾಡುವ ಅಗತ್ಯವೇ ಬೀಳುತ್ತಿರಲಿಲ್ಲ. ಇಡೀ ಕಟ್ಟು ಸರಿಯಾಯಿತು ಎಂಬ ಬೆರಗು ಮುಗಿಯುವ ಮೊದಲೇ, ಆರಿಸಿದ ಎಲೆ ಮಾತ್ರ ಹೀಗೇಕೆ ಎಂಬ ಎರಡನೆಯ ಬೆರಗು ಮೇಲೆ ಬೀಳುತ್ತಿತ್ತು. ಎರಡೂ ಒಂದೇ ನೋಟದಲ್ಲಿ. ಗೊಂದಲ ಜಾದೂವಲ್ಲ ಎಂದು ವರ್ನನ್ ತಮ್ಮ ಶಿಷ್ಯರಿಗೆ ಹೇಳಿಕೊಡುತ್ತಿದ್ದರು. ಇಲ್ಲಿ ಅವರು ಗೊಂದಲವನ್ನೇ ಕಚ್ಚಾಸಾಮಗ್ರಿ ಮಾಡಿಕೊಂಡು, ಅದು ಒಂದೇ ಎಳೆತಕ್ಕೆ ಮಾಯವಾಗುವುದನ್ನು ಜಾದೂ ಮಾಡಿದರು.

ಕಲಸಾಟವನ್ನು ಇನ್ನಷ್ಟು ನಯಗೊಳಿಸಿದವರು ಆಮೇಲೆ ಬಂದರು. ನ್ಯೂಜೆರ್ಸಿಯ ಹರ್ಬ್ ಜಾರೋ ಹಗಲೆಲ್ಲ ಲೆಕ್ಕಪತ್ರ ನೋಡುತ್ತಿದ್ದ ಅಕೌಂಟೆಂಟು. ಅವರು ರೂಪಿಸಿದ ಕಳ್ಳ ಕಲಸಾಟ 1957ರಲ್ಲಿ ಪ್ರಕಟವಾಯಿತು. ನಿಜವಾದ ಕಲಸಾಟಕ್ಕೂ ಅದಕ್ಕೂ ಅಂತರ ಕಾಣದು. ಅದನ್ನು ಮನಸಾರೆ ಹೊಗಳಿದವರಲ್ಲಿ ವರ್ನನ್ ಮೊದಲಿಗರು. ತಮ್ಮ ಪಟ್ಟಿನ ಜಾಗದಲ್ಲಿ ಇನ್ನೊಬ್ಬರದು ಬಂದು ಕೂರುತ್ತಿದೆ ಎಂಬ ಕಸಿವಿಸಿ ಅವರಿಗಿರಲಿಲ್ಲ. ಟ್ರಯಂಫ್ ಇನ್ನೂ ಚೆನ್ನಾಗಿ ಕಾಣುತ್ತದಲ್ಲ ಎಂಬ ಖುಷಿಯಿತ್ತು. 1963ರಲ್ಲಿ ಹಾಲಿವುಡ್‌ನಲ್ಲಿ ಮ್ಯಾಜಿಕ್ ಕ್ಯಾಸಲ್ ಎಂಬ ಜಾದೂಗಾರರ ಮನೆ ತೆರೆಯಿತು. ಅಲ್ಲಿ ಅವರು ಪ್ರೊಫೆಸರ್ ಎಂದೇ ಕರೆಸಿಕೊಂಡು, ಬಂದ ಹುಡುಗರಿಗೆಲ್ಲ ಕಲಿಸುತ್ತಾ ಮುಪ್ಪನ್ನು ಕಳೆದರು. 1992ರಲ್ಲಿ ತೀರಿಕೊಂಡಾಗ 98 ವರ್ಷ.

ಟ್ರಯಂಫ್‌ನ ಗುಟ್ಟು ಎರಡು ಹೆಜ್ಜೆಯದು. ಹೆಣೆದ ಎರಡು ಪಾಲುಗಳನ್ನು ಒತ್ತಿ ಸೇರಿಸುವಾಗ ಕೈಗಳು ಅವನ್ನು ತುಸು ಓರೆಯಾಗಿ ಒಂದರೊಳಗಿಂದ ಒಂದನ್ನು ದಾಟಿಸುತ್ತವೆ. ಸಮ ಮಾಡಿದಂತೆ ಕಂಡ ಹೊತ್ತಿಗೆ ಹೆಣಿಗೆ ಬಿಚ್ಚಿ, ಅಂಗಾತ ಎಲೆಗಳೆಲ್ಲ ಒಂದು ಗುಂಪು, ಬೋರಲು ಎಲೆಗಳೆಲ್ಲ ಇನ್ನೊಂದು ಗುಂಪು ಆಗಿ ಒಂದರ ಮೇಲೊಂದು ಕೂತಿರುತ್ತವೆ. ಆರಿಸಿದ ಎಲೆ ಮಾತ್ರ ತನ್ನ ಗುಂಪು ಬಿಟ್ಟು, ಬೋರಲಾಗಿಯೇ, ಅಂಗಾತ ಗುಂಪಿನ ನೆತ್ತಿಯ ಮೇಲೆ ಉಳಿದಿರುತ್ತದೆ. ಮೇಲೆ ಕಾಣುವ ಬೆನ್ನು ಅದರದೇ. ಅಡಿಯಲ್ಲಿ ನಡೆದದ್ದನ್ನೆಲ್ಲ ಮುಚ್ಚಿ ಕಾಯುವುದೂ ಅದೇ. ಕಲಸಿದ್ದನ್ನು ತೋರಿಸುವ ನೆಪದಲ್ಲಿ ಕಟ್ಟನ್ನು ಸರಿಯಾದ ಜಾಗದಲ್ಲಿ ಎತ್ತಿ ಮೇಲಿನ ಗುಂಪನ್ನು ಮಗುಚಿದರೆ, ಅಂಗಾತವಿದ್ದವೆಲ್ಲ ಬೋರಲಾಗುತ್ತವೆ, ಬೋರಲಿದ್ದ ಆ ಒಂದು ಎಲೆ ಅಂಗಾತವಾಗಿ ಕಟ್ಟಿನ ನಟ್ಟನಡುವಿಗೆ ಹೋಗಿ ಮಲಗುತ್ತದೆ. ಹರಡಿದಾಗ ಬೆನ್ನು 51, ಮುಖ ಒಂದು.